ಸೋಮವಾರದ ಆಮೆಗಳು

ಕೆರೆಯ ಆಮೆಗಳನ್ನು ಎಣಿಸಲು ನಾನು ಕಲಿತ ಕ್ರಮ ಸರಳವಾದದ್ದು. ಬಿಸಿಲು ನೀರಿನ ಮೇಲೆ ಬಿದ್ದ ನಂತರ ಒಂದೇ ಜಾಗದಲ್ಲಿ ನಿಂತು, ಅರ್ಧ ಗಂಟೆಗೊಮ್ಮೆಯಂತೆ ಮೂರು ಸಲ ನೋಡಬೇಕು. ಮೈ ಕಾಯಿಸಿಕೊಳ್ಳಲು ಕೊರಡಿನ ಮೇಲೋ ಬಂಡೆಯ ಮೇಲೋ ಹತ್ತಿದ ಆಮೆಗಳನ್ನು ಪ್ರತಿ ಸಲವೂ ಎಣಿಸಬೇಕು. ಆದರೆ ಮೂರನ್ನೂ ಕೂಡಿಸಬಾರದು. ಮೊದಲ ಸಲ ಕಂಡದ್ದೇ ಎರಡನೆಯ ಸಲ ಇನ್ನೊಂದು ಕಡೆ ಹತ್ತಿ ಕುಳಿತಿರಬಹುದು. ಯಾವ ನೋಟಕ್ಕೆ ಹೆಚ್ಚು ಸಿಕ್ಕವೋ ಆ ಒಂದು ಸಂಖ್ಯೆಯನ್ನಷ್ಟೇ ಬರೆದುಕೊಳ್ಳಬೇಕು. ಕೂಡಿಸಿಬಿಡೋಣ ಎಂದು ಆಸೆಯಾಗುತ್ತದೆ, ಸಂಖ್ಯೆ ಚಿಕ್ಕದಾಗಿದ್ದರಂತೂ ಇನ್ನೂ ಹೆಚ್ಚು.

ನಮ್ಮ ಕೆರೆಯ ಸಂಖ್ಯೆ ಚಿಕ್ಕದೇ. ನಾನಿರುವುದು ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿಗೆ ಹತ್ತಿರ. ಕೆಲಸ ಜಯನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆರೆ. ಎಂ.ಎಸ್ಸಿ. ಓದುವಾಗ ಪ್ರಾಜೆಕ್ಟಿಗೆಂದು ಎಣಿಸಿದ ಚಳಿಗಾಲದಲ್ಲಿ ಒಂಬತ್ತು ಕರಿ ಆಮೆಗಳು ಕಂಡಿದ್ದವು. ಮರುವರ್ಷ ಆರು. ಹೋದ ಡಿಸೆಂಬರಿನಲ್ಲಿ ನಾಲ್ಕು. ಅಷ್ಟರಲ್ಲಿ ಕೆರೆಯ ಏರಿಗೆ ಕಲ್ಲು ಹೊದಿಸಿ, ಅದರ ಮೇಲೆ ಸಿಮೆಂಟಿನ ನಡಿಗೆ ದಾರಿ ಮಾಡಿದ್ದರು. ಆಮೆ ನೀರಿನಲ್ಲಿ ಬದುಕಿದರೂ ಮೊಟ್ಟೆಯಿಡಲು ಅದಕ್ಕೆ ಮಣ್ಣು ಬೇಕು. ಅದು ಬಹಳ ವರ್ಷ ಬದುಕುವ ಪ್ರಾಣಿಯಾದ್ದರಿಂದ, ಮರಿಯೇ ಆಗದಿದ್ದರೂ ಹಳೆಯವು ಬಿಸಿಲು ಕಾಯಿಸುತ್ತ ಕುಳಿತಿರುತ್ತವೆ. ದಾರಿಯಲ್ಲಿ ಹೋಗುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಹಾಗೆ ಕಾಣಬಾರದು ಎಂದೇ ನಾನು ಬೋರ್ಡು ಬರೆಯಲು ಶುರುಮಾಡಿದ್ದು. ಕೆರೆಯ ಗೇಟಿನಲ್ಲಿ ಕಾವಲಿರುವ ಅಣ್ಣನ ಹತ್ತಿರ ಒಂದು ಕರಿ ಹಲಗೆ ಸುಮ್ಮನೆ ಬಿದ್ದಿತ್ತು. ಅದನ್ನು ಗೇಟಿಗೆ ನೇತುಹಾಕಿ, ಎಣಿಕೆ ಮುಗಿದ ಮೇಲೆ ‘ಇಂದು ಕಂಡ ಆಮೆ: ೪’ ಎಂದು ಸೀಮೆಸುಣ್ಣದಲ್ಲಿ ಬರೆದು ಕಾಲೇಜಿಗೆ ಓಡುತ್ತಿದ್ದೆ. ಬೆಳಗಿನ ವಾಕಿಂಗಿನವರು ಒಂದೇ ವಾರದಲ್ಲಿ ಅದಕ್ಕೆ ಅಂಟಿಕೊಂಡರು.

ಎಲ್ಲರಿಗಿಂತ ಹೆಚ್ಚು ಅಂಟಿಕೊಂಡವರು ಪಾತ್ರೆ ಅಂಗಡಿಯ ಅಂಕಲ್. ಜಯನಗರದಲ್ಲಿ ಅವರದು ಸ್ಟೀಲು, ಹಿತ್ತಾಳೆ ಪಾತ್ರೆಗಳ ಅಂಗಡಿ. ಅವರ ತಾತನ ಕಾಲಕ್ಕೆ ತುಮಕೂರು ಕಡೆಯಿಂದ ಬಂದ ಮನೆತನ. ಹಣೆಗೆ ವಿಭೂತಿ, ಕಾಲಿಗೆ ಮೊಮ್ಮಗ ಕೊಡಿಸಿದ ಬಿಳಿ ಶೂ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರು. ಅಂಕಲ್ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದರು. ಬೋರ್ಡು ಬಂದ ಮೇಲೆ ನಾನು ನಿಲ್ಲುವ ಜಾಗದವರೆಗೂ ನಡೆದು ಬರತೊಡಗಿದರು.

"ಎಷ್ಟಮ್ಮ ಇವತ್ತು ಸ್ಕೋರು?"

"ನಾಲ್ಕು ಅಂಕಲ್."

"ಮೊನ್ನೆನೂ ನಾಲ್ಕು, ನೆನ್ನೆನೂ ನಾಲ್ಕು. ಏನಮ್ಮ ಇದು, ಟೆಸ್ಟ್ ಮ್ಯಾಚಾ?"

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾವಲಿನ ಅಣ್ಣ ನನ್ನನ್ನು ಕರೆದು ತೂಬಿನ ಹತ್ತಿರ ಒಂದು ಕರಿ ಆಮೆಯನ್ನು ತೋರಿಸಿದ. ಯಾರೋ ಕದ್ದು ಮೀನು ಹಿಡಿಯಲು ಬಂದವರ ಗಾಳದ ದಾರ ಅದರ ಕುತ್ತಿಗೆಗೆ ಬಿಗಿದು, ಅದು ಸತ್ತು ಎರಡು ದಿನವಾದಂತಿತ್ತು. ಬೋರ್ಡಿನಲ್ಲಿ ನಾಲ್ಕನ್ನು ಅಳಿಸಿ ಮೂರು ಬರೆದೆ. ಅಂಕಲ್ ಬಂದು ಬೋರ್ಡಿನ ಮುಂದೆ ನಿಂತರು. ಆ ದಿನ ಸ್ಕೋರು ಕೇಳಲಿಲ್ಲ. "ಮೂರೇನಾ" ಎಂದಷ್ಟೇ ಹೇಳಿ ವಾಪಸು ಹೋದರು.

ಫೆಬ್ರವರಿಯ ಒಂದು ಮಂಗಳವಾರ ನಾಲ್ಕು ಆಮೆ ಕಂಡವು. ಮುಂದಿನ ವಾರ ಐದು. ಶಿವರಾತ್ರಿಯ ನಂತರ ಏಳು. ನಾನು ಎಷ್ಟು ಖುಷಿಯಾಗಿದ್ದೆನೆಂದರೆ, ಲ್ಯಾಬಿನಲ್ಲಿ ಹುಡುಗರಿಗೆ ಸ್ಲೈಡು ಹಂಚುವಾಗಲೂ ತಲೆಯಲ್ಲಿ ಏಳೇ ಓಡುತ್ತಿತ್ತು. ನನ್ನ ಜೊತೆ ಎಂ.ಎಸ್ಸಿ. ಮಾಡಿ ಈಗ ಆಮೆಗಳ ಮೇಲೆಯೇ ಸಂಶೋಧನೆ ಮಾಡುತ್ತಿರುವ ಗೆಳತಿಗೆ ಫೋನು ಮಾಡಿದೆ. ಅವಳು ಬಿಟಿಎಂ ಲೇಔಟಿನಲ್ಲಿದ್ದಾಳೆ.

"ಮಗಾ, ಆಮೆ ಮರಿಯಾಗಿ ಇಷ್ಟು ದೊಡ್ಡದಾಗೋಕೆ ಎಷ್ಟು ವರ್ಷ ಬೇಕು?" ಎಂದಳು.

"ಗೊತ್ತು. ಇವು ಮರಿಗಳಲ್ಲ. ಮೊದ್ಲಿಂದ ಇದ್ದವೇ, ಕಾಣ್ತಿರ್ಲಿಲ್ಲ. ಈಗ ಬಿಸಿಲು ಜಾಸ್ತಿ ಆಗಿದ್ದಕ್ಕೆ ಮೇಲೆ ಬರ್ತಿವೆ."

"ವಾರಕ್ಕೊಂದರಂತೆ, ಟೋಕನ್ ತಗೊಂಡು ಬರ್ತಿವಾ? ಸಖತ್ ಥಿಯರಿ ಗುರು."

ಅವಳು ನಕ್ಕದ್ದು ಬೇಸರವಾಗಿ ಫೋನಿಟ್ಟೆ. ಯುಗಾದಿಯ ಹೊತ್ತಿಗೆ ಎಣಿಕೆ ಒಂಬತ್ತಕ್ಕೆ ಬಂದಿತ್ತು. ನನ್ನ ಮೊದಲ ಚಳಿಗಾಲದ ಸಂಖ್ಯೆಯೇ ತಿರುಗಿ ಬಂದಂತಾಗಿತ್ತು.

ಯುಗಾದಿಯ ಬೆಳಿಗ್ಗೆ ನನಗೆ ಕೆರೆಗೆ ಹೋಗಲಾಗಲಿಲ್ಲ. ಅಮ್ಮ ತಲೆಗೆ ಎಣ್ಣೆ ಸುರಿದು, ಸ್ನಾನವಾಗದೆ ಹೊಸಿಲು ದಾಟಿದರೆ ನೋಡು ಎಂದಿದ್ದಳು. ಒಬ್ಬಟ್ಟಿನ ಊಟ ಮುಗಿಸಿ ಸಂಜೆ ಹೋದೆ. ಅಲ್ಲಿಯವರೆಗೆ ನಾನು ಎಣಿಸಿದ್ದೆಲ್ಲ ಬೆಳಗಿನ ಹೊತ್ತಿನಲ್ಲಿ. ಆಮೆಗಳು ಹತ್ತುವುದು ಕೆರೆಯ ಪೂರ್ವ ದಿಕ್ಕಿನಲ್ಲಿ ನೀರಿಗೆ ಉರುಳಿದ ಒಂದು ಒಣ ಜಾಲಿ ಮರದ ಮೇಲೆ. ಆ ಕಡೆ ಖಾಸಗಿ ಕಾಂಪೌಂಡು ಇರುವುದರಿಂದ ದಾರಿಯಿಲ್ಲ. ಪಶ್ಚಿಮದ ಏರಿಯಿಂದಲೇ ನೋಡಬೇಕು. ಬೆಳಗಿನ ಸೂರ್ಯ ಮರದ ಹಿಂದೆ ಇರುತ್ತಿದ್ದ. ಬೈನಾಕ್ಯುಲರಿನಲ್ಲಿ ಕಾಣುತ್ತಿದ್ದದ್ದು ಬರೀ ಕಪ್ಪು ಆಕಾರ. ಆ ಸಂಜೆ ಬಿಸಿಲು ನನ್ನ ಬೆನ್ನ ಹಿಂದಿತ್ತು. ಜಾಲಿ ಮರದ ಮೇಲೆ ಸಾಲಾಗಿ ಕುಳಿತ ಆರು ಆಮೆಗಳ ಕತ್ತಿನ ಮೇಲೆ ಹಳದಿ ಗೆರೆಗಳಿದ್ದವು. ಕಣ್ಣಿನ ಹಿಂದೆ ಕುಂಕುಮದ ಪಟ್ಟೆ ಎಳೆದ ಹಾಗೆ ಕೆಂಪು.

ಅಕ್ವೇರಿಯಂ ಅಂಗಡಿಗಳಲ್ಲಿ ರೂಪಾಯಿ ನಾಣ್ಯದಷ್ಟು ಪುಟ್ಟ ಮರಿಗಳಾಗಿ ಮಾರುವ ಕೆಂಪು ಕಿವಿಯ ಆಮೆಗಳು ಅವು. ಈ ದೇಶದವಲ್ಲ. ಬೆಳೆದರೆ ಊಟದ ತಟ್ಟೆಯಷ್ಟಾಗುತ್ತವೆ, ಆಮೇಲೆ ಮನೆಯವರಿಗೆ ಸಾಕಲಾಗುವುದಿಲ್ಲ. ನಮ್ಮ ಮೂರು ಕರಿ ಆಮೆಗಳು ಎಲ್ಲಿ ಎಂದು ಹುಡುಕಿದೆ. ಒಂದು ಮಾತ್ರ ಸಿಕ್ಕಿತು. ಅದು ಮರದ ತುದಿಯ ಒಂದು ತೆಳ್ಳನೆಯ ಕೊಂಬೆಗೆ ಕಾಲು ಊರಲು ನೋಡುತ್ತ, ಜಾರುತ್ತ, ಮತ್ತೆ ಹತ್ತಲು ನೋಡುತ್ತಿತ್ತು. ಬಿಸಿಲು ಸಿಗದ ಆಮೆಗೆ ತಿಂದದ್ದು ಸರಿಯಾಗಿ ಜೀರ್ಣವೂ ಆಗುವುದಿಲ್ಲ.

ಮರುದಿನ ಬೋರ್ಡಿನಲ್ಲಿ ‘ನಮ್ಮವು ೩, ಹೊರಗಿನವು ೬’ ಎಂದು ಬರೆದೆ. ಅಂಕಲ್ ಓದಿ ನಕ್ಕರು.

"ಹೊರಗಿನವಲ್ಲ ಕಣಮ್ಮ. ನಾನೇ ತಂದು ಬಿಟ್ಟಿದ್ದು."

ಸೀಮೆಸುಣ್ಣ ಕೆಳಗಿಟ್ಟು, ಯಾವಾಗ ಎಂದು ಕೇಳಿದೆ.

"ನೀನು ಮೂರು ಅಂತ ಬರೆದ ದಿನ ಊಟ ಸೇರ್ಲಿಲ್ಲ ನನ್ಗೆ. ನಮ್ಮ ಅಂಗಡಿ ಹಿಂದಿನ ಬೀದಿಲಿ ಬಣ್ಣದ ಮೀನಿನ ಅಂಗಡಿ ಇದೆಯಲ್ಲ, ಅವ್ನ ಹತ್ರ ದೊಡ್ಡವು ಇದ್ವು, ಯಾರೋ ವಾಪಸ್ ಕೊಟ್ಟು ಹೋಗಿದ್ರಂತೆ. ಸೋಮವಾರಕ್ಕೊಂದು ಅಂತ ಬಿಟ್ಟೆ. ಶಿವನ ವಾರ. ಹೆಂಗೆ ಏರ್ತು ನೋಡು ಸ್ಕೋರು."

ಅವರು ಶಹಭಾಸ್‌ಗಿರಿಗೆ ಕಾಯುತ್ತಿದ್ದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಈ ಆಮೆಗಳು ದೊಡ್ಡವು, ನಮ್ಮವನ್ನು ಬಿಸಿಲಿನ ಜಾಗದಿಂದ ತಳ್ಳುತ್ತವೆ, ಅವು ತಿನ್ನುವುದನ್ನೇ ತಿನ್ನುತ್ತವೆ, ಅಂಗಡಿಯ ತೊಟ್ಟಿಯ ಕಾಯಿಲೆಗಳನ್ನೂ ತಂದಿರಬಹುದು. ಮಳೆಗಾಲ ಬಂದು ಕೆರೆ ತುಂಬಿ ಕೋಡಿ ಬಿದ್ದರೆ, ಹರಿಯುವ ನೀರಿನ ಜೊತೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತವೆ. ಆಮೇಲೆ ಅವನ್ನು ಹಿಡಿಯುವವರಿಲ್ಲ. ಅಂಕಲ್ ಮುಖದ ನಗು ನಿಧಾನವಾಗಿ ಇಳಿಯಿತು.

"ಆಮೆ ಅಂದ್ರೆ ಆಮೆನೇ ಅಲ್ವೇನಮ್ಮ?" ಎಂದರು. ನಾನು ಅಲ್ಲ ಎಂದು ತಲೆಯಾಡಿಸಿದೆ. ಅವರು ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಮುಂದಿನ ನಾಲ್ಕು ದಿನ ಕೆರೆಯ ಕಡೆ ಬರಲಿಲ್ಲ.

ಐದನೆಯ ದಿನ ಅವರ ಹೆಂಡತಿಯೂ ಜೊತೆಗೆ ಬಂದರು. ಆಂಟಿ ಬಹಳ ನೇರ ಮಾತಿನವರು.

"ನೀನೇನಾ ಆಮೆ ಹುಡುಗಿ? ಸಕ್ಕರೆ ಕಾಯಿಲೆಯೋರು ಇವ್ರು, ನಾಲ್ಕು ದಿನದಿಂದ ಒಬ್ಬಟ್ಟಿನ ಡಬ್ಬಿ ಖಾಲಿ ಮಾಡ್ತಾವ್ರೆ. ಏನಾಗ್ಬೇಕು ಹೇಳು, ಮಾಡಿಸ್ತೀನಿ."

"ಬಿಟ್ಟಿದ್ದನ್ನೆಲ್ಲ ಹಿಡೀಬೇಕು ಆಂಟಿ. ಮಳೆ ಜೋರಾಗೋದ್ರೊಳಗೆ."

"ಹಿಡಿಯೋಣ. ಏಳು ತಾನೇ?" ಎಂದರು ಅಂಕಲ್.

"ಎಂಟು," ಎಂದರು ಆಂಟಿ. "ಶಿವರಾತ್ರಿಗೆ ಜೋಡಿ ಬಿಟ್ರಲ್ಲ, ಮರೆತ್ರಾ? ಅದ್ರಲ್ಲಿ ಒಂದು ನಮ್ಮ ಬಚ್ಚಲ ಬಕೆಟಿನಲ್ಲಿ ಹದಿನೈದು ದಿನ ಇತ್ತು. ನನ್ಗೆ ನೀರು ಕಾಯಿಸೋಕೆ ಜಾಗ ಇಲ್ಲ, ಇವ್ರು ಸ್ಟೀಲ್ ಡಬ್ಬಿ ಬಡಿದು ಬಡಿದು ಅದಕ್ಕೆ ಊಟ ಹಾಕೋರು. ಮಕ್ಕಳಿಗೂ ಹಾಗೆ ಹಾಕಿಲ್ಲ."

ಎಂಟು ಎಂದು ಬರೆದುಕೊಂಡೆ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಗೆಳತಿಯೂ ನಾನೂ ಅರ್ಜಿ ಕೊಟ್ಟೆವು. ಹೊರಗಿನವನ್ನು ಹಿಡಿಯಬಹುದು, ನಮ್ಮವು ಸಿಕ್ಕರೆ ಅಲ್ಲೇ ಆಗಲೇ ಬಿಟ್ಟುಬಿಡಬೇಕು ಎಂದು ಅನುಮತಿ ಕೊಟ್ಟರು. ಹಿಡಿದವನ್ನು ಇಟ್ಟುಕೊಳ್ಳಲು ಪ್ರಾಣಿಗಳ ಆರೈಕೆ ಕೇಂದ್ರವೊಂದು ಒಪ್ಪಿತು. ಅಲ್ಲಿ ಸುತ್ತ ಗೋಡೆಯಿರುವ ತೊಟ್ಟಿಯಿದೆ.

ಬೋನಿನ ನಕ್ಷೆ ಗೆಳತಿಯದು. ಡ್ರಮ್ಮುಗಳ ಮೇಲೆ ತೇಲುವ ಕಬ್ಬಿಣದ ಚೌಕಟ್ಟು, ಅದರ ಹೊರಬದಿಗೆ ಆಮೆ ಹತ್ತಲು ಇಳಿಜಾರಾದ ಹಲಗೆ, ನಡುವೆ ಇಳಿಬಿಟ್ಟ ಬಲೆಯ ಚೀಲ. ಬಿಸಿಲು ಕಾಯಿಸಲು ಹತ್ತಿದ ಆಮೆ ಬೆದರಿ ಒಳಗೆ ಹಾರಿದರೆ ಚೀಲಕ್ಕೆ ಬೀಳುತ್ತದೆ. ಚೀಲದ ಬಾಯಿ ಮೇಲೆ ತೆರೆದೇ ಇರುವುದರಿಂದ ಉಸಿರಾಟಕ್ಕೆ ತೊಂದರೆಯಿಲ್ಲ, ಹತ್ತಿ ಬರಲು ಮಾತ್ರ ಆಗುವುದಿಲ್ಲ. ಸಿದ್ದಾಪುರದಲ್ಲಿ ಅಂಕಲ್‌ಗೆ ಗೊತ್ತಿದ್ದ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ತಯಾರಾಯಿತು. ಅವರೇ ಎದುರು ನಿಂತು ಪ್ರತಿ ಮೂಲೆಗೂ ಕೈಯಾಡಿಸಿ, ಆಮೆಗೆ ಚುಚ್ಚುವ ಹಾಗಿರಬಾರದು ಎಂದು ಎರಡು ಸಲ ಉಜ್ಜಿಸಿದರಂತೆ. ಜೊಂಡು ತೆಗೆಯುವ ತೆಪ್ಪದಲ್ಲಿ ಕಾವಲಿನ ಅಣ್ಣ ಅದನ್ನು ಜಾಲಿ ಮರದ ಹತ್ತಿರ ಕಟ್ಟಿ ಬಂದ.

ಮೊದಲು ಬಿದ್ದದ್ದು ನಮ್ಮದೇ ಕರಿ ಆಮೆ. ತೆಪ್ಪದಲ್ಲಿ ಅಂಕಲ್ ಕೂಡ ಇದ್ದರು. ಬಲೆಯಿಂದ ಅದನ್ನು ಎತ್ತಿ ಅವರ ಮುಂದೆ ಹಿಡಿದೆ. ಚಿಪ್ಪಿನ ಮೇಲೆ ಉದ್ದಕ್ಕೆ ಮೂರು ಏಣುಗಳು, ಬಣ್ಣ ಒದ್ದೆ ಕೆಸರಿನದು. ಕುತ್ತಿಗೆ ಒಳಗೆಳೆದುಕೊಂಡು, ನಮ್ಮನ್ನು ನೋಡುವ ಇಷ್ಟವೇ ಇಲ್ಲದ ಹಾಗೆ ಕುಳಿತಿತ್ತು.

"ಇದೇನಾ? ಇಷ್ಟು ಸಪ್ಪೆನಾ?" ಎಂದರು ಅಂಕಲ್.

"ಇದೇ ಅಂಕಲ್."

ಅವರು ಬೆರಳಿನಿಂದ ಏಣನ್ನು ಮೆಲ್ಲಗೆ ಮುಟ್ಟಿದರು. "ನಮ್ಮ ಹಳೇ ಕಬ್ಬಿಣದ ಬಾಂಡ್ಲಿ ಇದ್ದಂಗಿದೆ," ಎಂದರು. ಆಮೇಲೆ, "ಬಾಂಡ್ಲಿ ಬಾಳಿಕೆ ಬರುತ್ತೆ ಬಿಡು," ಎಂದು ಸೇರಿಸಿದರು. ನೀರಿನ ಹತ್ತಿರ ಹಿಡಿದ ಕೂಡಲೇ ಅದು ಸದ್ದಿಲ್ಲದೆ ಜಾರಿ ಮಾಯವಾಯಿತು.

ಏಪ್ರಿಲ್ ಮುಗಿಯುವುದರೊಳಗೆ ಐದು ಕೆಂಪು ಕಿವಿಯವು ಸಿಕ್ಕವು. ಬೋರ್ಡಿನಲ್ಲಿ ಹೊರಗಿನವುಗಳ ಸಂಖ್ಯೆ ಇಳಿಯುವುದನ್ನು ನೋಡಿ ವಾಕಿಂಗಿನ ಇನ್ನೊಬ್ಬರು ಅಂಕಲ್‌ಗೆ, "ನಿಮ್ಮ ಟೀಮು ಆಲೌಟ್ ಆಗೋ ಹಂಗಿದೆಯಲ್ಲ ಸಾರ್," ಎಂದರು. "ಮ್ಯಾಚ್ ಫಿಕ್ಸಿಂಗ್, ನಾನೇ ಔಟ್ ಮಾಡಿಸ್ತಾ ಇರೋದು," ಎಂದರು ಅಂಕಲ್. ಸಿಕ್ಕ ಪ್ರತಿಯೊಂದನ್ನೂ ಆಂಟಿಯ ಬಚ್ಚಲಿನ ಅದೇ ಬಕೆಟಿನಲ್ಲಿಟ್ಟು ಅಂಕಲ್ ತಾವೇ ಕಾರಿನಲ್ಲಿ ಆರೈಕೆ ಕೇಂದ್ರಕ್ಕೆ ಒಯ್ಯುತ್ತಿದ್ದರು. ಮೇ ಮೊದಲ ವಾರ ಇನ್ನೆರಡು ಬಿದ್ದವು. ಏಳಾಯಿತು. ಜಾಲಿ ಮರದ ದಪ್ಪ ಕೊಂಬೆಯ ಮೇಲೆ ನಮ್ಮ ಮೂರೂ ಒಟ್ಟಿಗೆ ಕುಳಿತದ್ದನ್ನು ಆ ವಾರ ಕಂಡೆ. ಅದನ್ನು ನೋಡುತ್ತ ಒಂದು ಬೆಳಿಗ್ಗೆ ಎಣಿಕೆಯ ಎರಡನೆಯ ನೋಟವನ್ನೇ ಮರೆತುಬಿಟ್ಟೆ.

ಎಂಟನೆಯದು ಬೀಳಲಿಲ್ಲ. ಅಷ್ಟರಲ್ಲಿ ಮಳೆ ಶುರುವಾಯಿತು. ಮಧ್ಯಾಹ್ನ ಮೋಡ, ಸಂಜೆ ಸುರಿತ, ಬೆಳಿಗ್ಗೆಯೂ ಮಬ್ಬು. ಬಿಸಿಲಿಲ್ಲದಿದ್ದರೆ ಆಮೆ ಮೇಲೆ ಹತ್ತುವುದಿಲ್ಲ. ಆಮೆ ಹತ್ತದಿದ್ದರೆ ನಮ್ಮ ಬೋನು ಬರೀ ತೇಲುವ ಮಂಚ. ಕೋಡಿಯ ಕಲ್ಲಿನ ಕೆಳಗೆ ಒಂದು ಮೊಳ ಇದ್ದ ನೀರು ಒಂದು ವಾರದಲ್ಲಿ ಗೇಣಿಗೆ ಬಂತು. ಕಾಲೇಜಿಗೆ ಹೋಗುವ ದಾರಿಯಲ್ಲಿ, ಲ್ಯಾಬಿನ ಕಿಟಕಿಯಲ್ಲಿ, ನಾನು ಮೋಡವನ್ನೇ ನೋಡುತ್ತಿದ್ದೆ. ಗೆಳತಿಗೆ ಫೋನು ಮಾಡಿದರೆ ಅವಳೂ ತಮಾಷೆ ಮಾಡಲಿಲ್ಲ. ಕೋಡಿಗೆ ಬಲೆ ಕಟ್ಟೋಣವೆಂದರೆ ಕಸ ಕಟ್ಟಿಕೊಂಡು ನೀರು ರಸ್ತೆಗೆ ನುಗ್ಗುತ್ತದೆ, ಅದಕ್ಕೆ ಯಾರೂ ಒಪ್ಪುವುದಿಲ್ಲ. "ಒಂದು ತಪ್ಪಿಸ್ಕೊಂಡ್ರೆ ಒಂದೇ ಅಲ್ಲ ಮಗಾ. ಅದು ಹೆಣ್ಣಾಗಿದ್ರೆ, ಹೊಟ್ಟೇಲಿ ಮೊಟ್ಟೆ ಇದ್ರೆ..." ಎಂದಳು.

ಶನಿವಾರ ಬೆಳಿಗ್ಗೆ ತುಂತುರು. ನೀರಿಗೂ ಕೋಡಿಯ ಕಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ನಾನು ಹೋದಾಗ ಅಂಕಲ್ ಆಗಲೇ ಕೆರೆಯ ಮೆಟ್ಟಿಲ ಮೇಲೆ, ಪ್ಯಾಂಟು ಮೊಣಕಾಲಿಗೆ ಮಡಚಿ ನಿಂತಿದ್ದರು. ಬಿಳಿ ಶೂಗಳು ಮೇಲಿನ ಮೆಟ್ಟಿಲ ಮೇಲಿದ್ದವು. ಕೈಯಲ್ಲಿ ಸ್ಟೀಲಿನ ಡಬ್ಬಿ. ಅದಕ್ಕೆ ಚಮಚದಿಂದ ಟಣ್ ಟಣ್ ಎಂದು ಬಡಿಯುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಆಂಟಿ ಕೊಡೆ ಹಿಡಿದು ನಿಂತಿದ್ದರು.

"ಸಿಕ್ಕಿರೋ ಏಳರಲ್ಲಿ ನಮ್ಮ ಬಚ್ಚಲಲ್ಲಿ ಸಾಕಿದ್ದು ಇರ್ಲಿಲ್ಲಮ್ಮ," ಎಂದರು ಅಂಕಲ್. "ಅದರ ಬೆನ್ನಿನ ಅಂಚು ಒಂದು ಕಡೆ ಮುಕ್ಕಾಗಿತ್ತು, ನನ್ಗೆ ಗೊತ್ತು. ಹಾಗಾದ್ರೆ ಉಳಿದಿರೋದು ಅದೇ."

"ಮೂರು ತಿಂಗಳಾಯ್ತಲ್ಲ ಅಂಕಲ್. ನೆನಪಿರುತ್ತಾ?"

"ಊಟ ಹಾಕಿದ್ದು ಯಾರು ಮರೀತಾರೆ."

"ನಮ್ಮ ಮಕ್ಕಳು ಮರೆತವ್ರೆ," ಎಂದರು ಆಂಟಿ ಮೇಲಿನಿಂದ.

ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಒಬ್ಬರು, ಏನು ಅಂಕಲ್, ಪಾತ್ರೆ ವ್ಯಾಪಾರ ಇಲ್ಲೂ ಶುರುವಾಯ್ತಾ ಎಂದು ಕೇಳಿ ಹೋದರು. ಅಂಕಲ್ ತಲೆಯೆತ್ತಲಿಲ್ಲ. ಬಡಿಯುವುದು, ಸ್ವಲ್ಪ ಕಾಳಿನಂಥ ಆಹಾರವನ್ನು ನೀರಿಗೆ ಉದುರಿಸುವುದು, ಮತ್ತೆ ಬಡಿಯುವುದು. ಮೀನುಗಳು ಬಂದು ತಿಂದು ಹೋದವು. ನಾನು ಉದ್ದ ಹಿಡಿಯ ಬಲೆ ಹಿಡಿದು ಅವರ ಪಕ್ಕದ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಕೆರೆಯಲ್ಲೇ ಹುಟ್ಟಿ ಬೆಳೆದ ಆಮೆ ಮನುಷ್ಯನ ನೆರಳು ಕಂಡರೆ ಮುಳುಗುತ್ತದೆ. ಅಂಗಡಿಯಲ್ಲಿ ಬೆಳೆದದ್ದು ಮನುಷ್ಯನ ಕಡೆಗೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದೆ, ನಂಬಿಕೆ ಮಾತ್ರ ಇರಲಿಲ್ಲ.

ಆ ದಿನ ಬರಲಿಲ್ಲ. ರಾತ್ರಿ ಮಳೆ ಬಿಟ್ಟಿತ್ತು, ಅದೇ ಪುಣ್ಯ. ಭಾನುವಾರ ಅಂಕಲ್ ಅಂಗಡಿಗೆ ರಜ, ಬೆಳಗಿನಿಂದಲೇ ಬಂದು ನಿಂತರು. ಒಂಬತ್ತರ ಸುಮಾರಿಗೆ, ಜೊಂಡಿನ ಅಂಚಿನಲ್ಲಿ ನೀರು ಸೀಳಿದ ಹಾಗೆ ಒಂದು ಗೆರೆ ಕಂಡಿತು. ಗೆರೆಯ ತುದಿಯಲ್ಲಿ ಹಳದಿ ಪಟ್ಟೆಯ ಮೂತಿ. ಅದು ಅರ್ಧ ದಾರಿ ಬಂದು ನಿಂತಿತು. ಅಂಕಲ್ ಉಸಿರು ಹಿಡಿದು, ಮೆಲ್ಲಗೆ ಬಡಿದರು. ಆಮೆ ಇನ್ನೂ ಹತ್ತಿರ ಬಂತು, ಬಂದು ಕುತ್ತಿಗೆ ಚಾಚಿ ಬಾಯಿ ತೆರೆಯಿತು.

"ಬಾ, ಬಾ, ಬಾ ರಾಜ," ಎನ್ನುತ್ತ ಅವರು ಕಾಳು ಹಾಕಿದರು. ಅದು ತಿನ್ನಲಿ ಎಂದು ನಾನು ಕಾದೆ. ಮೂರನೆಯ ಕಾಳಿಗೆ ಬಲೆ ಕೆಳಗಿನಿಂದ ಎತ್ತಿದೆ. ಬಲೆ ಭಾರವಾಯಿತು. ಬೆನ್ನಿನ ಅಂಚು ಒಂದು ಕಡೆ ಮುಕ್ಕಾಗಿತ್ತು.

ಗೆಳತಿ ಆಮೇಲೆ ನೋಡಿ ಹೇಳಿದಳು, ಅದು ರಾಜನಲ್ಲ, ರಾಣಿ. ಮುಂಗಾಲಿನ ಉಗುರು ಗಿಡ್ಡವಿದ್ದರೆ ಹೆಣ್ಣು. ಅಂಕಲ್ ಬಕೆಟಿನ ಮುಂದೆ ಕೂತು, ಉಳಿದ ಕಾಳನ್ನೆಲ್ಲ ಅದಕ್ಕೇ ಹಾಕಿ ಡಬ್ಬಿ ಖಾಲಿ ಮಾಡಿದರು. ಅವರ ಕಣ್ಣು ಸ್ವಲ್ಪ ತುಂಬಿತ್ತು. ಆಂಟಿ ಅದನ್ನು ನೋಡಿದರು. ಫ್ಲಾಸ್ಕಿನಿಂದ ಮೂವರಿಗೂ ಕಾಫಿ ಬಗ್ಗಿಸಿದರು, ಅಂಕಲ್ ಲೋಟಕ್ಕೂ ಸಕ್ಕರೆ ಹಾಕಿದ್ದು.

ಮಂಗಳವಾರ ಬೆಳಿಗ್ಗೆ ಕೋಡಿ ಬಿತ್ತು. ಕಾವಲಿನ ಅಣ್ಣ ಫೋನು ಮಾಡಿದ, ಅಂಕಲ್‌ಗೂ ಮಾಡಿದ್ದನಂತೆ. ನಾವಿಬ್ಬರೂ ಕೋಡಿಯ ಪಕ್ಕದ ಕಟ್ಟೆಯ ಮೇಲೆ ನಿಂತು, ಕಾಲೇಜಿಗೂ ಅಂಗಡಿಗೂ ಹೊತ್ತಾಗುವವರೆಗೆ ನೋಡಿದೆವು. ನೀರು ಕಲ್ಲಿನ ಮೇಲೆ ತೆಳ್ಳಗೆ, ಒಂದೇ ಸಮ ಹಾಸಿಕೊಂಡು ರಾಜಕಾಲುವೆಗೆ ಇಳಿಯುತ್ತಿತ್ತು. ಜೊಂಡಿನ ಎಲೆ ಹೋಯಿತು, ಒಂದು ಚಪ್ಪಲಿ ಹೋಯಿತು, ಪುಟ್ಟ ಮೀನುಗಳು ಹೋದವು.

"ಕೆಳಗಿನ ಕೆರೆಯೋರಿಗೆ ಗೊತ್ತೇ ಇಲ್ಲ ಅಲ್ವೇನಮ್ಮ, ಏನು ತಪ್ತು ಅಂತ," ಎಂದರು ಅಂಕಲ್.

"ಗೊತ್ತಿಲ್ಲ ಅಂಕಲ್."

"ಹೇಳೋದೂ ಬೇಡ," ಎಂದರು ಅವರು. ಇನ್ನೂ ಸ್ವಲ್ಪ ಹೊತ್ತು ನಿಂತೆವು. ಹೋಗುತ್ತಿದ್ದದ್ದು ನೀರು ಮಾತ್ರ.